ಹೇಝಲ್ ಆಟ ಬಿಟ್ಟ ಶುಕ್ರವಾರ

ಪರ್ತ್‌ನಿಂದ ಫುಟ್‌ಬಾಲ್ ಕ್ಲಬ್ಬಿನ ಡಾಕ್ಟರು ವಿಡಿಯೋ ಕಾಲ್ ಮಾಡುವ ಹೊತ್ತಾಗಿತ್ತು. ಗಲ್ಫಿನ ಅಲ್ ಗುಬ್ರಾದ ಫ್ಲಾಟಿನಲ್ಲಿ ಕ್ಯಾರೋಲಿನ್ ಅಡುಗೆಮನೆಗೂ ಮಗಳ ಕೋಣೆಗೂ ಸುಮ್ಮನೆ ಓಡಾಡುತ್ತಿದ್ದಳು.

ಮಗಳು ಹೇಝಲ್ ಹೈಸ್ಕೂಲಿಗೆಂದು ಪರ್ತ್‌ಗೆ, ಚಿಕ್ಕಮ್ಮ ಜೊವಿಟಾಳ ಮನೆಗೆ ಹೋದವಳು ಆಸ್ಟ್ರೇಲಿಯನ್ ಫುಟ್‌ಬಾಲ್ ಹಚ್ಚಿಕೊಂಡಿದ್ದಳು. ಮೊಟ್ಟೆಯಾಕಾರದ ಚೆಂಡಿಗಾಗಿ ಮೈಮೇಲೆ ಬಿದ್ದು ಆಡುವ ಆಟ. ಕ್ಲಬ್‌ಗಳು ಸರದಿಯಂತೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಇಡೀ ದೇಶಕ್ಕೆ ಎರಡನೆಯವಳಾಗಿ ಅವಳ ಹೆಸರು ಕೂಗಿದಾಗ ಅಪ್ಪ ಜೂಲಿಯನ್ ಆಫೀಸಿಗೆಲ್ಲ ಹಲ್ವಾ ಹಂಚಿದ್ದ. ಮೊದಲ ಸೀಸನ್ನಿನಲ್ಲೇ ಎದುರಾಳಿಯ ಮೊಣಕಾಲು ತಲೆಗೆ ಬಡಿದು ಪ್ರಜ್ಞೆ ತಪ್ಪಿತು. ಮರುವರ್ಷ ಮತ್ತೆರಡು ಸಲ. ಆಡಿದ್ದು ಬೆರಳೆಣಿಕೆಯ ಪಂದ್ಯ. ವಿಶ್ರಾಂತಿಗೆಂದು ಮನೆಗೆ ಬಂದಿದ್ದಳು. ಡಾಕ್ಟರು ಒಪ್ಪಿದರೆ ಮತ್ತೆ ಮೈದಾನ.

ಹಿಂದಿನ ಸಂಜೆ ಸೂಪರ್‌ಮಾರ್ಕೆಟ್ಟಿನ ದೀಪಗಳ ಕೆಳಗೆ ಹೇಝಲ್ ಕಣ್ಣು ಮುಚ್ಚಿ ಗೋಡೆ ಹಿಡಿದಿದ್ದಳು. ಹೊರಗೆ ಬಂದು ಕಾರಿನ ಪಕ್ಕ ವಾಂತಿ ಮಾಡಿದಳು.

"ಡ್ಯಾಡಿಗೆ ಹೇಳ್ಬೇಡ ಮಮ್ಮಿ. ಪ್ಲೀಸ್."

ಕ್ಯಾರೋಲಿನ್ ಹೇಳಿರಲಿಲ್ಲ.

"ಎಂತಕ್ಕೆ ಹೆದರುದು? ಹುಷಾರಿದ್ದಾಳಲ್ಲ," ಎಂದ ಜೂಲಿಯನ್, ಅಂಗಿಯ ಗುಂಡಿ ಹಾಕುತ್ತ. "ಕಾಲ್ ಮುಗಿದ ಕೂಡ್ಲೇ ಶುಕ್ರವಾರದ ಪೂಜೆಗೆ ಇಗರ್ಜಿಗೆ ಹೋಗುವ."

ಫೋನ್ ರಿಂಗಾಯಿತು. ತಲೆನೋವು ಇದೆಯೇ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದಳು ಹೇಝಲ್. ಬೆಳಕು ಕಂಡರೆ ತೊಂದರೆ? ಕರ್ಟನ್ ಎಳೆದ ಕೋಣೆಯಲ್ಲಿ ಕೂತೇ ಅದಕ್ಕೂ ಇಲ್ಲ ಎಂದಳು. ಕ್ಯಾರೋಲಿನ್ ಬಾಗಿಲಲ್ಲೇ ನಿಂತಿದ್ದಳು. ಬಾಯಿಬಿಟ್ಟರೆ ಮಗಳು ಕ್ಷಮಿಸಲಿಕ್ಕಿಲ್ಲ. ಬಿಡದಿದ್ದರೆ ನಾಲ್ಕನೆಯ ಪೆಟ್ಟು.

"ಡಾಕ್ಟರ್," ಎಂದಳು ಒಳಗೆ ಬಂದು, "ಅವಳು ನಿನ್ನೆ ವಾಂತಿ ಮಾಡಿದ್ದಾಳೆ."

"ಮಮ್ಮಿ!"

ನಿಜವೇ ಎಂದು ಡಾಕ್ಟರು ಹೇಝಲ್‌ಳನ್ನೇ ಕೇಳಿದರು. ತಲೆನೋವು ದಿನಾ ಇದೆ ಎಂದು ಅವಳು ಒಪ್ಪಿಕೊಂಡಳು. ಮೊನ್ನೆ ವಾಕಿಂಗ್ ಹೋದಾಗ ನಮ್ಮ ಬಿಲ್ಡಿಂಗ್ ಯಾವುದೆಂದೇ ಗೊತ್ತಾಗಲಿಲ್ಲ ಎಂದಳು. ಅದು ಕ್ಯಾರೋಲಿನ್‌ಗೂ ತಿಳಿದಿರಲಿಲ್ಲ. ಜೂಲಿಯನ್ ಮಂಚದ ಅಂಚಿನಲ್ಲಿ ಕುಸಿದು ಕೂತ.

ಇನ್ನು ಆಡುವುದು ಬೇಡ ಎಂದು ಡಾಕ್ಟರು ಮೆಲ್ಲಗೆ ಹೇಳಿದರು.

ಎರಡು ದಿನ ಹೇಝಲ್ ತಾಯಿಯ ಜೊತೆ ಮಾತಾಡಲಿಲ್ಲ. ಭಾನುವಾರ ನರರೋಗ ತಜ್ಞರ ಬಳಿ ಹೊರಟಾಗ ಮಾತ್ರ ಕಪ್ಪು ಕನ್ನಡಕ ಹಾಕಿಕೊಂಡು ಕಾರಿನಲ್ಲಿ ಅವಳ ಪಕ್ಕದಲ್ಲೇ ಕೂತಳು.

"ಇದು ಗುಣ ಆಗ್ತದಾ ಮಮ್ಮಿ?"

"ಗೊತ್ತಿಲ್ಲ ಬಾಯೆ. ಕೇಳುವ," ಎಂದು ಕ್ಯಾರೋಲಿನ್ ಆಸ್ಪತ್ರೆಯ ಗೇಟಿನ ಬಳಿ ಗಾಡಿ ನಿಧಾನ ಮಾಡಿದಳು.