ಒಂದು ಚೊಂಬು ಹುಳಿ

ಅಶ್ವಿನಿ ಮಳೆ ಒಂದು ಹದ ಬಿದ್ದಿತ್ತು. ಬಳ್ಳಿಗಾವಿ ಸುತ್ತಿನ ಹೊಲಗಳಲ್ಲಿ ಶುಂಠಿ ಹಾಕುವವರು ಮಡಿ ಏರಿಸುತ್ತಿದ್ದರು. ನಿಂಗಮ್ಮ ಅಂಗಳದಲ್ಲಿ ಗೋಣಿ ಹಾಸಿಕೊಂಡು ಬಿತ್ತನೆ ಶುಂಠಿ ಮುರಿಯುತ್ತಿದ್ದಳು. ತುಂಡಿಗೆ ಎರಡು ಕಣ್ಣಾದರೂ ಇರಬೇಕು. ಮೆತ್ತಗಾದದ್ದನ್ನು ಕುರಿಹಟ್ಟಿಯ ಆಚೆ ಎಸೆಯುತ್ತಿದ್ದಳು.

ಮುರಿದ ತುಂಡು ಒಂದು ರಾತ್ರಿ ಹುಳಿಗಡಿಗೆಯ ನೀರಲ್ಲಿ ನೆನೆಯಬೇಕು. ರಾಗಿ ಗಂಜಿ, ಮಜ್ಜಿಗೆ, ಕುರಿ ನಿಂತ ಜಾಗದ ಒಂದು ಹಿಡಿ ಮಣ್ಣು ಹಾಕಿ ಅತ್ತೆ ಯಮುನಮ್ಮ ಯಾವ ಕಾಲದಲ್ಲೋ ಕೂಡಿಸಿದ ಗಡಿಗೆ ಅದು. ತೆಗೆದಷ್ಟಕ್ಕೆ ಗಂಜಿ ಹುಯ್ಯುತ್ತ ಬಂದರೇ ಹೊರತು ಯಾರೂ ಅದನ್ನು ಬರಿದು ಮಾಡಿರಲಿಲ್ಲ. ಊರ ಶುಂಠಿಯೆಲ್ಲ ಕೊಳೆತು ನಾರಿದ ವರ್ಷವೂ ಇವರ ಮಡಿ ಹಸಿರಾಗಿಯೇ ನಿಂತಿತ್ತು.

ಆ ಸುದ್ದಿ ಕೇಳಿಯೇ ಹೋದ ವರ್ಷ ಶಿವಮೊಗ್ಗದ ಕಡೆಯಿಂದ ಸಂಗೀತ ಎಂಬ ಹುಡುಗಿ ಬಂದಿದ್ದಳು. ಬೆಳೆ ರೋಗದ ಮೇಲೆ ಸಂಶೋಧನೆ ಮಾಡುವವಳು. ಗಡಿಗೆಯಿಂದ ಒಂದು ಬಾಟಲಿ ತುಂಬಿಕೊಂಡು ಹೋಗಿ, ಕೊಳೆ ತಡೆಯುವ ಬ್ಯಾಕ್ಟೀರಿಯಾ ಅದರಲ್ಲಿ ಸಿಕ್ಕಿತೆಂದು ಮತ್ತೆ ಬಂದು ಲ್ಯಾಪ್‌ಟಾಪಿನಲ್ಲಿ ಅದರ ಫೋಟೋ ತೋರಿಸಿದ್ದಳು.

ಇವತ್ತು ಸ್ಕೂಟರ್ ನಿಲ್ಲಿಸಿ ಇಳಿದವಳ ಮುಖ ಬಾಡಿತ್ತು.

"ಅಮ್ಮಾ, ಇನ್ನೊಂದು ಬಾಟ್ಲಿ ಬೇಕಿತ್ತು."

"ಯಾಕೆ, ಆವತ್ತು ಒಯ್ದದ್ದು ಕುಡಿದುಬಿಟ್ಟೆಯಾ?"

ಸಂಗೀತ ನಗಲಿಲ್ಲ. ಗೋಣಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತಳು. "ಪೇಟೆಂಟಿಗೆ ಅರ್ಜಿ ಹಾಕ್ಬೇಕು ಅಂದ್ರೆ ಬರೀ ಕಾಗದ ಸಾಲದು. ಆ ಜೀವೀನ ಮಾನ್ಯತೆ ಇರೋ ಸಂಸ್ಥೇಲಿ ಠೇವಣಿ ಇಡ್ಬೇಕು. ಚಂಡೀಗಡಕ್ಕೆ ಕಳಿಸಿದ್ದೆ. ದಾರೀಲಿ ಬಿಸಿಲಿಗೆ ಸತ್ತಿರ್ಬೇಕು, ಬೆಳೀಲಿಲ್ಲ ಅಂತ ಬರೆದ್ರು. ನನ್ನ ಹತ್ರ ಉಳಿದಿದ್ದೂ ನನ್ನ ತಪ್ಪಿಂದ್ಲೇ ಕೆಟ್ಟೋಯ್ತು."

"ಇಟ್ಟದ್ದನ್ನ ಅವ್ರು ಏನ್ ಮಾಡ್ತಾರೆ?"

"ಮೂವತ್ತು ವರ್ಷ ಸಾಯದ ಹಾಗೆ ಕಾಪಾಡ್ತಾರೆ. ನಿಯಮದ ಪ್ರಕಾರ ಯಾರಾದ್ರೂ ಕೇಳಿದ್ರೆ ಅದ್ರಲ್ಲಿ ಚೂರು ಕೊಡ್ತಾರೆ."

"ಹೆಪ್ಪು ಕೊಟ್ಟಂಗೆ ಅನ್ನು," ಎಂದು ನಿಂಗಮ್ಮ ಒಳಗೆ ಕೂಗಿದಳು. "ಜ್ಯೋತೀ, ಗಡಿಗೆ ತಗೊಂಬಾ."

ಸೊಸೆ ಜ್ಯೋತಿಲಕ್ಷ್ಮಿ ಗಡಿಗೆ ಹೊತ್ತು ತಂದು ಇಟ್ಟಳು. ಒಳಗೆ ಹೋಗದೆ ಅಲ್ಲೇ ನಿಂತಳು. ನಿಂಗಮ್ಮ ಬಟ್ಟೆ ಸರಿಸಿ ಬಗ್ಗಿದಳು. ಯಾವಾಗಲೂ ಬರುವ ಒದ್ದೆ ಕಂಬಳಿಯ ವಾಸನೆ ಇರಲಿಲ್ಲ. ಬರೀ ಹಳಸಿದ ಗಂಜಿ.

"ಇದು ನಮ್ಮ ಹುಳಿ ಅಲ್ಲ."

"ಶಿವರಾತ್ರೀಲಿ ತೊಳೆದೆ ಅತ್ತೆ," ಎಂದಳು ಜ್ಯೋತಿಲಕ್ಷ್ಮಿ. "ಇವ್ರೇ ತೋರಿಸಿದ್ರಲ್ಲ, ಕೋಲು ಕೋಲು ಹುಳ, ಬ್ಯಾಕ್ಟೀರಿಯಾ ಅಂತ. ಮನೇಲಿ ಅಂಬೆಗಾಲು ಕೂಸು. ಬ್ಲೀಚಿಂಗ್ ಪೌಡರ್ ಹಾಕಿ ಮೂರು ಸಲ ತಿಕ್ಕಿದೆ. ನೀವು ಬೈತೀರಂತ ಹೊಸ ಗಂಜಿ ಹುಯ್ದಿಟ್ಟೆ."

ಸಂಗೀತ ಹಣೆಗೆ ಕೈ ಹಚ್ಚಿಕೊಂಡಳು. ನಿಂಗಮ್ಮ ಬೈಯಲಿಲ್ಲ. ಮುರಿದಿಟ್ಟ ಶುಂಠಿಯ ರಾಶಿ ನೋಡಿದಳು. ಎಂಟು ಚೀಲ ಬಿತ್ತನೆ, ನೆನೆಸಲು ಹುಳಿಯಿಲ್ಲ. ಅತ್ತೆ ಕೈಯಲ್ಲಿ ಕೊಟ್ಟದ್ದು ತನ್ನ ಕಾಲಕ್ಕೆ ಮುಗಿಯಿತೇ?

ಆ ಹುಳಿ ಇದ್ದದ್ದು ಇನ್ನೊಂದೇ ಮನೆಯಲ್ಲಿ. ಕುಬಟೂರಿಗೆ ಕೊಟ್ಟ ನಾದಿನಿ ವರದಮ್ಮನ ಮನೆ. ಒಂಬತ್ತು ವರ್ಷದ ಹಿಂದೆ ವರದಮ್ಮ ಒಂದು ಚೊಂಬು ಒಯ್ದಿದ್ದಳು. ಒಯ್ದವರು ಬರುವ ಯುಗಾದಿಯೊಳಗೆ ಒಂದು ಚೊಂಬು ತಿರುಗಿಸಬೇಕು, ಅದು ಮನೆಯ ಪದ್ಧತಿ. ವರದಮ್ಮ ತಿರುಗಿಸಲಿಲ್ಲ. "ನಮ್ಮವ್ವನ ಗಡಿಗೆ, ನಾನ್ಯಾಕೆ ತಿರುಗಿಸ್ಲಿ?" ಅಂದಳು. ಒಂದು ಮದುವೆ ಪಂಕ್ತಿಯಲ್ಲಿ ನಿಂಗಮ್ಮ ಅವಳನ್ನು "ಹುಳಿ ನುಂಗಿದವಳು" ಅಂದಳು. ಚೊಂಬು ವಾಪಸು ಬರುವ ತನಕ ಆ ಹೊಸ್ತಿಲು ತುಳಿಯುವುದಿಲ್ಲ ಎಂದೂ ಹೇಳಿದ್ದಳು.

ನಿಂಗಮ್ಮ ಸೆರಗು ಕೊಡವಿ ಎದ್ದಳು. "ಸ್ಕೂಟ್ರು ಇಬ್ರನ್ನ ಎಳೀತೈತಾ?"

ಇಬ್ಬರೂ ಶಿರಾಳಕೊಪ್ಪ, ಆನವಟ್ಟಿ ದಾಟಿದರು. ಕುಬಟೂರಲ್ಲಿ ವರದಮ್ಮ ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದಳು. ತಲೆ ಎತ್ತಿದವಳು ಮತ್ತೆ ಜೋಳಕ್ಕೇ ಕೈ ಹಾಕಿದಳು.

"ಏನತ್ತಿಗೆ, ಬಿಸಿಲಿಗೆ ದಾರಿ ತಪ್ತಾ?"

"ನಾದಿನಿ ಮನೆ ದಾರಿ ತಪ್ತೈತಾ?"

"ಒಂಬತ್ತು ವರ್ಷ ತಪ್ಪಿತ್ತಲ್ಲ."

"ಹುಳಿಗೆ ಬಂದೀನಿ, ವರದಾ."

"ಕೇಳೋಕೋ, ವಸೂಲಿಗೋ?"

ಹೊಸ್ತಿಲ ಹೊರಗೇ ನಿಂತಿದ್ದ ನಿಂಗಮ್ಮ ಕಾಲಿನ ಧೂಳು ನೋಡಿದಳು.

"ಕೇಳೋಕೆ."

ವರದಮ್ಮನ ಕೈ ನಿಂತಿತು. ಸೊಸೆ ಗಡಿಗೆ ತಿಕ್ಕಿದ ಕಥೆ ಕೇಳಿ ಅವಳು ನಗುತ್ತಾಳೆಂದು ನಿಂಗಮ್ಮ ಕಾದಿದ್ದಳು. ಅವಳು "ಅಯ್ಯೋ, ಅವ್ವನ ಗಡಿಗೆ," ಎಂದಷ್ಟೇ ಹೇಳಿ ಒಳಗೆ ಕರೆದಳು. ನಿಂಗಮ್ಮ ಹೊಸ್ತಿಲು ದಾಟಿದಳು. ಒಲೆಯ ಮೂಲೆಯಲ್ಲಿ ಗೋಣಿ ಸುತ್ತಿದ ಗಡಿಗೆ ಇತ್ತು. ನಿಂಗಮ್ಮ ಬಗ್ಗಿದಳು. ಒದ್ದೆ ಕಂಬಳಿ. ಬಗ್ಗಿದವಳು ತುಸು ಹೊತ್ತು ಏಳಲಿಲ್ಲ.

ಸಂಗೀತ ಎರಡು ಬಾಟಲಿ ತುಂಬಿ, ಐಸ್ ಡಬ್ಬಿಯಲ್ಲಿಟ್ಟು, ಫಾರಂ ತೆಗೆದಳು. "ಸಂಗ್ರಹಿಸಿದ ಊರು... ಕುಬಟೂರು, ಸೊರಬ ತಾಲ್ಲೂಕು."

"ನಮ್ಮ ಮನೇದಲ್ವಾ ಅದು?" ಎಂದಳು ನಿಂಗಮ್ಮ. "ಶಿಕಾರಿಪುರ ತಾಲ್ಲೂಕು ಅಂತ ಬರಿ."

"ಇವತ್ತು ತುಂಬಿದ್ದು ಇಲ್ಲಿ ಅಮ್ಮ. ಮೂಲದ ಊರು ಸುಳ್ಳಾದ್ರೆ ನಾಳೆ ಅರ್ಜೀನೇ ಬಿದ್ದೋಗುತ್ತೆ."

ವರದಮ್ಮ ಗೋಡೆ ನೋಡುತ್ತಿದ್ದಳು. ನಿಂಗಮ್ಮ ಎಲೆಯಡಿಕೆ ಚೀಲ ಬಿಚ್ಚಿದಳು, ಕಟ್ಟಿದಳು. "ಬರಿ. ಕುಬಟೂರು ಅಂತ್ಲೇ ಬರಿ. ಬದುಕಿದ್ದು ಇಲ್ಲೇ ತಾನೆ."

ಹೊರಡುವಾಗ ವರದಮ್ಮ ಒಂದು ಹಿತ್ತಾಳೆ ಚೊಂಬು ತಂದಳು. ಒಂಬತ್ತು ವರ್ಷದ ಹಿಂದೆ ಒಯ್ದ ಅದೇ ಚೊಂಬು. ಹುಳಿ ಕಂಠದವರೆಗೆ ತುಂಬಿತ್ತು.

"ತಗಾ. ತೀರ್ತು."

ನಿಂಗಮ್ಮ ಚೊಂಬು ಎತ್ತಿ ಅರ್ಧವನ್ನು ಮತ್ತೆ ಗಡಿಗೆಗೇ ಸುರಿದಳು.

"ಅರ್ಧ ಸಾಕು. ಗಂಜಿ ಹುಯ್ದರೆ ನಾಲ್ಕು ದಿನಕ್ಕೆ ಬೆಳೀತೈತೆ."

"ಬಾಕಿ ಯಾಕೆ? ಇನ್ನೊಂಬತ್ತು ವರ್ಷ ಬೈಯೋಕಾ?"

"ನಮ್ಮನೇಲಿ ಯಾರು ಯಾವಾಗ ತೊಳೀತಾರೋ. ನಿನ್ ಹತ್ರ ಇರ್ಲಿ."

ಆರಿದ್ರಾ ಮಳೆ ಹಿಡಿದಾಗ ಸಂಗೀತಳ ಫೋನು ಬಂತು. ಕುಬಟೂರ ಹುಳಿಯ ಬ್ಯಾಕ್ಟೀರಿಯಾದ ಗುರುತು ಹೊಂದಿತ್ತು, ಮೊದಲು ಸಿಕ್ಕಿದ್ದೇ ಇದು. ಚಂಡೀಗಡದಲ್ಲಿ ಬೆಳೆದು ಜೀವಂತವಿದೆ, ಠೇವಣಿ ನಂಬರೂ ಕೊಟ್ಟಿದ್ದಾರೆ. ನಿಂಗಮ್ಮ ಶುಂಠಿ ಮಡಿಯಲ್ಲಿ ಕಳೆ ತೆಗೆಯುತ್ತಿದ್ದಳು. ಮಣ್ಣಿನ ಕೈ ಸೀರೆಗೆ ಒರೆಸಿಕೊಂಡು ಕುಬಟೂರಿಗೆ ಫೋನು ಹಚ್ಚಿ ಅದನ್ನೇ ಹೇಳಿದಳು.

"ಹೌದನಾ!" ಎಂದಳು ವರದಮ್ಮ. "ಅದಿರ್ಲಿ ಅತ್ತಿಗೆ, ನಿನ್ನ ಅರ್ಧ ಚೊಂಬು ಯಾವಾಗ ಒಯ್ತೀಯ?"

"ಪುರುಸೊತ್ತಿಲ್ಲ ಮಾರಾಯ್ತಿ, ಕಳೆ ಐತೆ. ಅಲ್ಲೇ ಬಿದ್ದಿರ್ಲಿ," ಎಂದು ನಿಂಗಮ್ಮ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ಮಡಿಗೆ ಬಗ್ಗಿದಳು.