ನೀಲಿ ಕೋಟಿನ ಜೇಬು

ಬೆಟ್ಟದ ಮೇಲಿನ ರೆಸಾರ್ಟಿಗೆ ಸೀಸನ್ ಕೆಲಸಕ್ಕೆ ಹೋಗುವವರು ಏನೇನು ಕಟ್ಟಿಕೊಳ್ಳಬೇಕು ಅಂತ ನನ್ನನ್ನು ಕೇಳಿ. ರೆಸಾರ್ಟಿನವರು ಕೊಡುವ ಪಟ್ಟಿಯನ್ನು ಮಾತ್ರ ನಂಬಬೇಡಿ. ಅದನ್ನು ಬರೆದ ಪುಣ್ಯಾತ್ಮ ಹಿಮದಲ್ಲಿ ಒಂದು ಬಕೆಟ್ಟೂ ಎತ್ತಿದವನಲ್ಲ. ಉಣ್ಣೆಯ ಕಾಲುಚೀಲ ಎರಡು ಜೊತೆ ಸಾಕು ಅನ್ನುತ್ತಾನೆ. ನಾಲ್ಕು ಬೇಕು. ಅಲ್ಲಿ ಒದ್ದೆಯಾದದ್ದು ಮೂರು ದಿನ ಒಣಗುವುದಿಲ್ಲ. ಬೂಟು ಒಂದು ಅಳತೆ ದೊಡ್ಡದಿರಲಿ, ಒಳಗೆ ಹಳೆ ಪೇಪರು ತುರುಕಲು ಜಾಗ ಬೇಕಾಗುತ್ತದೆ. ಒಡೆದ ಹಿಮ್ಮಡಿಗೆ ಮುಲಾಮು. ಮತ್ತೆ ಒಂದು ಸಣ್ಣ ಕತ್ತರಿ. ಕತ್ತರಿಯ ವಿಷಯ ಆಮೇಲೆ ಹೇಳುತ್ತೇನೆ.

ಹೋದ ವರ್ಷ ನಾನೂ ನನ್ನ ವಾರಗಿತ್ತಿಯೂ ಒಟ್ಟಿಗೆ ಹೊರಟೆವು. ಮೈದುನನ ಹೆಂಡತಿ, ನನಗಿಂತ ಹತ್ತು ವರ್ಷ ಚಿಕ್ಕವಳು, ನೋಡಲು ಲಕ್ಷಣವಾಗಿದ್ದಾಳೆ. ನನಗೆ ಅದು ಐದನೆಯ ಸೀಸನ್ನು, ಅವಳಿಗೆ ಮೊದಲನೆಯದು. ಅವಳ ಚೀಲ ಕಟ್ಟಿಕೊಟ್ಟವಳೂ ನಾನೇ. ಪಟ್ಟಿಯ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ಗೇಟಿನವರಿಗೆ ಕೋಟು ನಾವೇ ಕೊಡುತ್ತೇವೆ. ಗೇಟಿನಲ್ಲಿ ಕೈಗವಸು ಹಾಕುವಂತಿಲ್ಲ.’

ಆ ಕೋಟಿನ ಮೇಲೆ ಐದು ವರ್ಷದಿಂದ ನನಗೆ ಕಣ್ಣು. ಕಡುನೀಲಿ ಬಣ್ಣ, ಮಂಡಿಯವರೆಗೆ ಉದ್ದ, ಎದೆಯ ಮೇಲೆ ಎರಡು ಸಾಲು ಹಿತ್ತಾಳೆ ಗುಂಡಿ. ಅದನ್ನು ತೊಟ್ಟ ಹನ್ನೆರಡು ಜನ ಮುಂದಿನ ಗೇಟಿನಲ್ಲಿ ನಿಂತು, ಬಂದವರ ಕಾರಿನ ಬಾಗಿಲು ತೆಗೆದು, ತಲೆ ಬಗ್ಗಿಸಿ ಒಳಗೆ ಕಳಿಸಬೇಕು. ಅಷ್ಟೇ ಕೆಲಸ. ಒಂದು ಸಲ ಆ ಕೋಟು ತೊಡಬೇಕು, ಒಂದು ಫೋಟೋ ತೆಗೆಸಿಕೊಳ್ಳಬೇಕು ಅಂತ ನನಗೆ ಹುಚ್ಚು.

ಬಸ್ಸಿಳಿದ ಕೂಡಲೇ ಸೂಪರ್‌ವೈಸರ್ ನಮ್ಮನ್ನು ಸಾಲಾಗಿ ನಿಲ್ಲಿಸಿದ. ಅವನ ಕೊರಳಲ್ಲಿ ಯಾವಾಗಲೂ ಒಂದು ಸೀಟಿ. ಹಾಗಾಗಿ ನಮ್ಮ ಬಾಯಲ್ಲಿ ಅವನ ಹೆಸರೂ ಸೀಟಿಯೇ. ವಾರಗಿತ್ತಿಯನ್ನು ಮೇಲಿಂದ ಕೆಳಗೆ ನೋಡಿ, “ನೀನು ಗೇಟಿಗೆ” ಅಂದ.

“ಸಾರ್, ನಾನು ಐದು ವರ್ಷದಿಂದ ಕೇಳ್ತಾ ಇದೀನಿ” ಅಂದೆ.

“ನಿನ್ನ ಮುಖ ನೋಡಿದ್ರೆ ಬಂದವರು ಬಂದ ದಾರೀಲೇ ವಾಪಸ್ ಹೋಗ್ತಾರೆ. ಲಾಂಡ್ರಿಗೆ ನಡಿ.”

ಎಲ್ಲರೂ ನಕ್ಕರು. ವಾರಗಿತ್ತಿಯೂ ನಕ್ಕಳು. ನಕ್ಕಳೋ ಇಲ್ಲವೋ, ನನಗಂತೂ ಹಾಗೆ ಕಂಡಿತು.

ಗೇಟಿನವರಿಗೆ ಮುಂದಿನ ಕಟ್ಟಡದಲ್ಲಿ ಕೋಣೆ, ನಮಗೆ ಹಿಂದಿನ ಶೆಡ್ಡು. ಊಟದ ಹೊತ್ತೂ ಬೇರೆ ಬೇರೆ. ಲಾಂಡ್ರಿ ಅಂದರೆ ಬಾಯ್ಲರಿನ ಪಕ್ಕ ಬೆಳಗಿನಿಂದ ಸಂಜೆಯವರೆಗೆ ಬೆವರುತ್ತಾ ಬೆಡ್‌ಶೀಟು ಹಿಂಡುವುದು. ಅಲ್ಲೊಂದು ಕಿಟಕಿ ಇತ್ತು, ಅದರಿಂದ ಗೇಟು ಕಾಣುತ್ತಿತ್ತು. ಆ ಹಾಳು ಕಿಟಕಿ ಇಲ್ಲದಿದ್ದರೆ ನಾನು ಅಷ್ಟು ಕೆಟ್ಟವಳಾಗುತ್ತಿರಲಿಲ್ಲ. ಬಂದವರೆಲ್ಲ ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅವಳು ಹಿಮದ ಮೇಲೆ ಜಾರಿ ಎಲ್ಲರ ಮುಂದೆ ಬೀಳಲಿ ಅಂತ ಕಾದಿದ್ದೇನೆ.

ಸೀಟಿ ಆ ಬೆಂಕಿಗೆ ಎಣ್ಣೆ ಹುಯ್ಯುತ್ತಿದ್ದ. ಒಂದು ದಿನ ಬಂದು, “ಹುಷಾರು. ನಿನ್ನ ವಾರಗಿತ್ತಿ ಲಾಂಡ್ರಿಗೆ ಹಾಕಿ ಅಂತ ನನ್ನ ದುಂಬಾಲು ಬಿದ್ದಿದ್ದಾಳೆ” ಅಂದ.

“ಲಾಂಡ್ರಿಗಾ? ಕೋಟು ಬಿಟ್ಟು?”

“ನಿನ್ನ ಓಡಿಸೋಕೆ ಕಣೇ. ಸ್ವಲ್ಪ ಬೇಗ ಬೇಗ ಕೈ ಆಡಿಸು, ಇಲ್ಲಾಂದ್ರೆ ಈ ಜಾಗ ಅವಳಿಗೇ.”

ಅವತ್ತಿನಿಂದ ನಾನು ಇಬ್ಬರ ಕೆಲಸ ಒಬ್ಬಳೇ ಮಾಡಿದೆ.

ಅವಳು ದಿನಾ ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅದೇ ಕೋಟು, ಅದೇ ಗುಂಡಿ, ಕೈ ಬೆನ್ನ ಹಿಂದೆ. “ಅಕ್ಕಾ, ಒಂಚೂರು ಒಳಗೆ ಬರ್ಲಾ?” ಅಂತ ಕೇಳುತ್ತಿದ್ದಳು. ಕೋಟು ತೋರಿಸೋಕೆ ಬಂದಿದ್ದಾಳೆ, ಬಿಂಕದವಳು, ಅಂದುಕೊಂಡೆ. “ಬಾಗಿಲು ಹಾಕಮ್ಮಾ ತಾಯಿ, ಚಳಿ ಒಳಗೆ ಬರುತ್ತೆ” ಅಂದು ನಾನೇ ಎದ್ದು ಹೋಗಿ ಅವಳ ಮುಖದ ಮೇಲೆ ಬಾಗಿಲು ಹಾಕುತ್ತಿದ್ದೆ. ಒಂದು ದಿನ ಅಲ್ಲ, ಹದಿನೈದು ದಿನ.

ಆಮೇಲೆ ದೊಡ್ಡ ಹಿಮ ಬಿದ್ದು ರಸ್ತೆ ಮುಚ್ಚಿತು. ಎರಡು ದಿನ ಯಾರೂ ಬರುವುದಿಲ್ಲ ಅಂತ ಗೊತ್ತಾದ ಮೇಲೆ ಸೀಟಿ ಹನ್ನೆರಡು ಕೋಟನ್ನೂ ಒಗೆಯಲು ತಂದು ಹಾಕಿದ. ಅವಳದು ಏಳನೆಯ ನಂಬರಿನದು. ಉಣ್ಣೆಯ ಬಟ್ಟೆ ಕುದಿಯುವ ನೀರಿಗೆ ಬಿದ್ದರೆ ಗೊಂಬೆಯ ಅಂಗಿಯಷ್ಟಾಗುತ್ತದೆ. ಅದು ನನಗೆ ಚೆನ್ನಾಗಿ ಗೊತ್ತು. ಕೋಟು ಎತ್ತಿಕೊಂಡು ಸೀದಾ ಕುದಿಯುವ ತೊಟ್ಟಿಯ ಹತ್ತಿರ ಹೋದೆ.

ಒಗೆಯುವವರಿಗೆ ಒಂದು ಅಭ್ಯಾಸ. ಬಟ್ಟೆ ನೀರಿಗೆ ಹಾಕುವ ಮುಂಚೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ನನ್ನ ಕೈಯೂ ಹೋಯಿತು. ಆದರೆ ಒಳಗೆ ಹೋಗಲಿಲ್ಲ. ಜೇಬಿನ ಬಾಯಿ ಹೊಲಿದಿತ್ತು. ಏನೋ ಬಚ್ಚಿಟ್ಟಿದ್ದಾಳೆ ಕಳ್ಳಿ ಅಂತ ಕತ್ತರಿ ತೆಗೆದು ಹೊಲಿಗೆ ಬಿಚ್ಚಿದೆ. ಏನೂ ಇರಲಿಲ್ಲ. ಇನ್ನೊಂದು ಜೇಬೂ ಹೊಲಿದಿತ್ತು. ಉಳಿದ ಹನ್ನೊಂದು ಕೋಟು ನೋಡಿದೆ, ಅವೂ ಹಾಗೇ. ಏಳನೆಯದನ್ನು ಒಳಮೈ ಹೊರಗೆ ಮಾಡಿದೆ. ಅಸ್ತರಿಲ್ಲ. ದಪ್ಪ ಕಾಣಲಿ ಅಂತ ಎದೆಗೆ ಮಾತ್ರ ಸ್ಪಂಜು ಕೊಟ್ಟಿದ್ದಾರೆ, ಬೆನ್ನಿಗೆ ಬರೀ ಒಂದು ಪದರ ಬಟ್ಟೆ. ತೋಳಿನೊಳಗಿಂದ ಮುದುಡಿದ ಪೇಪರು ಉದುರಿತು. ತೋಳಿನ ಅಂಚಿಗೆ ಒಣಗಿದ ರಕ್ತ.

ಕೋಟು ಅಲ್ಲೇ ಬಿಟ್ಟು ಮುಂದಿನ ಕಟ್ಟಡಕ್ಕೆ ಓಡಿದೆ. ಅವಳು ಕಂಬಳಿ ಹೊದ್ದು ಕೂತಿದ್ದಳು. “ಕೈ ತೋರಿಸು” ಅಂದೆ. ತೋರಿಸಲಿಲ್ಲ. ನಾನೇ ಎಳೆದು ನೋಡಿದೆ. ಬೆರಳಿನ ಗೆಣ್ಣೆಲ್ಲ ಬಿರಿದಿತ್ತು. ಬಲಗೈಯ ಎರಡು ಬೆರಳ ತುದಿ ಕಪ್ಪಗಾಗಿತ್ತು.

“ಜೇಬು ಯಾಕೆ ಹೊಲಿದಿದ್ದಾರೆ?”

“ಜೇಬಲ್ಲಿ ಕೈ ಇಟ್ಕೊಂಡ್ರೆ ಬಂದವರಿಗೆ ಮರ್ಯಾದೆ ಕೊಟ್ಟ ಹಾಗಾಗಲ್ವಂತೆ ಅಕ್ಕಾ.”

“ನನಗೆ ಹೇಳೋಕೆ ಏನಾಗಿತ್ತು ನಿನಗೆ?”

“ಬಾಯ್ಲರ್ ಹತ್ರ ಕೈ ಕಾಯಿಸ್ಕೊಳ್ಳೋಣ ಅಂತ ದಿನಾ ಬರ್ತಿದ್ದೆ. ನೀನು ಬಾಗಿಲು ಹಾಕ್ತಿದ್ದೆ. ನಿನ್ನ ಕಂಡ್ರೆ ನನಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ಬೆಚ್ಚಗೆ ಇದೀಯಲ್ಲಾ, ನನ್ನ ಒಳಗೆ ಬಿಡಲ್ವಲ್ಲಾ ಅಂತ. ಲಾಂಡ್ರಿಗೆ ಹಾಕಿ ಅಂತ ಸೀಟಿ ಕಾಲಿಗೂ ಬಿದ್ದೆ. ನಿಮ್ಮಕ್ಕನೇ ಬೇಡ ಅಂತಿದಾಳೆ ಅಂದ.”

ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅವಳನ್ನು ಎಬ್ಬಿಸಿ ಕರೆದುಕೊಂಡು ಬಂದು ಬಾಯ್ಲರಿನ ಪಕ್ಕ ಕೂರಿಸಿದೆ.

ಲಾಂಡ್ರಿಯಲ್ಲಿ ನಾವು ನಾಲ್ವರು. ಮೂಲೆಯಲ್ಲಿ ಬಾಯ್ಲರಿಗೆ ಹಾಕಿ ಸುಡಿ ಅಂತ ಕೊಟ್ಟ ಹರಕು ಕಂಬಳಿಗಳ ರಾಶಿ ಬಿದ್ದಿತ್ತು. ಬೆಚ್ಚಗಿನ ಕಂಬಳಿ ಸುಡುತ್ತಾರೆ, ಬೆರಳು ಕಪ್ಪಾದವರಿಗೆ ಕೊಡುವುದಿಲ್ಲ. ಇಪ್ಪತ್ತನಾಲ್ಕು ಜೇಬಿನ ಹೊಲಿಗೆಯನ್ನೂ ನಾನೇ ಬಿಚ್ಚಿದೆ. ಕೋಟು ಒಗೆದು, ಬಾಯ್ಲರಿನ ಶಾಖಕ್ಕೆ ಒಣಗಿಸಿ, ಆ ಕಂಬಳಿ ಕತ್ತರಿಸಿ ಅಸ್ತರು ಕೊಟ್ಟೆವು. ಗೇಟಿನವರೂ ಒಬ್ಬೊಬ್ಬರಾಗಿ ಬಂದು ಸೂಜಿ ಹಿಡಿದರು. ಹೊಲಿಯಲು ಬಾರದವರು ದಾರ ಪೋಣಿಸಿಕೊಟ್ಟರು.

ರಸ್ತೆ ತೆರೆದ ದಿನ ಬೆಳಿಗ್ಗೆ ಗೇಟಿನಲ್ಲಿ ಹನ್ನೆರಡು ಜನ ನಿಂತರು. ಕೈ ಜೇಬಿನೊಳಗೆ.

ಸೀಟಿ ಊದಿದ. ಯಾರೂ ಅಲುಗಲಿಲ್ಲ. “ಕೈ ತೆಗೀರಿ ಹೊರಗೆ!” ಅಂತ ಕಿರುಚಿದ.

“ಕಾರು ಬಂದಾಗ ತೆಗೀತೀವಿ ಸಾರ್” ಅಂದಳು ವಾರಗಿತ್ತಿ. ಕಾರು ಬಂತು. ಕೈ ಹೊರಗೆ ಬಂತು, ಬಾಗಿಲು ತೆಗೆಯಿತು, ಮತ್ತೆ ಜೇಬಿಗೆ ಹೋಯಿತು. ನಾನು ಅದೇ ಕಿಟಕಿಯಿಂದ ನೋಡುತ್ತಿದ್ದೆ.

“ಜೇಬು ಬಿಚ್ಚಿದ್ದು ಯಾರು?” ಅಂತ ಸೀಟಿ ಲಾಂಡ್ರಿಗೆ ನುಗ್ಗಿದ. ಗೇಟಿನವರೂ ಅವನ ಹಿಂದೆಯೇ ಬಂದರು. ನಾನು ಅಂದರು ಒಬ್ಬರು. ಇಲ್ಲ, ನಾನು ಅಂದರು ಇನ್ನೊಬ್ಬರು. ಹದಿನಾರು ಜನವೂ ನಾನು ನಾನು ಅಂದೆವು. ಅವನು ಎಲ್ಲರ ಚೀಲವನ್ನೂ ನೆಲಕ್ಕೆ ಸುರಿದ. ಕತ್ತರಿ ಸಿಕ್ಕಿದ್ದು ನನ್ನ ಚೀಲದಲ್ಲಿ. ಅದನ್ನು ಕಿತ್ತುಕೊಂಡ. ಆದರೆ ಸೀಸನ್ನು ತುಂಬಿತ್ತು, ಹದಿನಾರು ಜನರನ್ನು ಒಟ್ಟಿಗೆ ಓಡಿಸುವ ಧೈರ್ಯ ಅವನಿಗಿರಲಿಲ್ಲ. ಕೊನೆಯ ದಿನದವರೆಗೆ ಆ ಜೇಬುಗಳು ತೆರೆದೇ ಇದ್ದವು.

ಈ ವರ್ಷ ನನ್ನನ್ನು ಕರೆದಿಲ್ಲ. ಅವಳನ್ನು ಕರೆದಿದ್ದಾರೆ. ಎರಡು ಬೆರಳಿಗೆ ಇನ್ನೂ ಸ್ಪರ್ಶವಿಲ್ಲ, ಗುಂಡಿ ಹಾಕಲು ಬರುವುದಿಲ್ಲ, ಆದರೂ ಹೋಗದೆ ಮನೆ ನಡೆಯುವುದಿಲ್ಲ. ಈಗ ಅವಳ ಚೀಲ ಕಟ್ಟುತ್ತಾ ಕೂತಿದ್ದೇನೆ. ಹೊಟ್ಟೆಕಿಚ್ಚು ಹೋಯಿತಾ ಅಂತ ಕೇಳಬೇಡಿ. ಆ ಗೇಟಿನಲ್ಲಿ ಉಳಿದವರ ಜೊತೆ ನಿಲ್ಲುವವಳು ಅವಳಲ್ಲವಾ, ನಾನಲ್ಲವಲ್ಲ ಅಂತ ಈಗಲೂ ಉರಿಯುತ್ತದೆ.

ಪಟ್ಟಿ ಬಂದಿದೆ. ಕೊನೆಗೆ ಹೊಸದೊಂದು ಸಾಲು ಸೇರಿಸಿದ್ದಾರೆ: ‘ಕತ್ತರಿ, ಸೂಜಿ, ದಾರ ತರುವಂತಿಲ್ಲ.’

ಅವಳು ಓದಿ ನನ್ನ ಮುಖ ನೋಡಿದಳು. “ಏನ್ಮಾಡೋದಕ್ಕಾ?”

“ಬೂಟು ಕೊಡು ಇಲ್ಲಿ” ಅಂದೆ. ಒಂದು ಅಳತೆ ದೊಡ್ಡ ಬೂಟು. ಪೇಪರು ತುರುಕುವ ಜಾಗದಲ್ಲಿ ಮೊದಲು ಹೊಸ ಕತ್ತರಿ ಇಟ್ಟೆ.