ಮೀನು ಬಂದರೆ ಕೆಂಪು ಗುರುತು

ಹೊಸ ಮೇಲ್ವಿಚಾರಕರು ಬಂದ ಮೊದಲ ವಾರದಲ್ಲೇ ಕಚೇರಿಯ ಎಲ್ಲ ಕಂಪ್ಯೂಟರ್‌ಗಳಿಗೂ ಮೀನು ಬಿಡಿಸಿದರು. ಐದು ನಿಮಿಷ ಯಾರೂ ಕೀಬೋರ್ಡನ್ನಾಗಲಿ ಮೌಸನ್ನಾಗಲಿ ಮುಟ್ಟದಿದ್ದರೆ ಪರದೆ ನೀಲಿಯಾಗಿ, ಕಿತ್ತಳೆ ಬಣ್ಣದ ಮೀನುಗಳು ಅತ್ತಿಂದಿತ್ತ ಈಜತೊಡಗುತ್ತಿದ್ದವು. ನೋಡಲು ಚೆಂದವೇ. ಆದರೆ ಮೇಲ್ವಿಚಾರಕರ ಗಾಜಿನ ಕೋಣೆಯಿಂದ ನೋಡಿದಾಗ ಯಾರ ಮೇಜಿನ ಮೇಲೆ ಮೀನು ಕಾಣುತ್ತದೋ ಅವರು ಕೈಕಟ್ಟಿ ಕೂತಿದ್ದಾರೆ ಎಂದೇ ಲೆಕ್ಕ. ಪ್ರತಿ ಸಲಕ್ಕೂ ಗೋಡೆಯ ಹಲಗೆಯ ಮೇಲೆ ಒಂದು ಕೆಂಪು ಗುರುತು ಬೀಳುತ್ತಿತ್ತು, ಬರುವವರಿಗೂ ಹೋಗುವವರಿಗೂ ಕಾಣುವಂತೆ.

ಅತಿ ಹೆಚ್ಚು ಕೆಂಪು ಬಿದ್ದದ್ದು ಗಿಣಿಯ ಹೆಸರಿನ ಮುಂದೆ.

ಅದು ಲಿಫ್ಟ್ ರಿಪೇರಿಯ ಕಂಪನಿ. ಊರಿನ ಯಾವ ಲಿಫ್ಟ್ ಎಲ್ಲಿ ನಿಂತರೂ, ಒಳಗೆ ಸಿಕ್ಕಿಕೊಂಡವರು ಅಲ್ಲಿ ಅಂಟಿಸಿದ ನಂಬರಿಗೆ ಫೋನು ಮಾಡಿದರೆ ಅದು ಗಿಣಿಯ ಮೇಜಿನ ಮೇಲೆ ರಿಂಗಾಗುತ್ತಿತ್ತು. ಮೆಕ್ಯಾನಿಕ್ ತಲುಪುವವರೆಗೂ ಅವರ ಜೊತೆ ಮಾತಾಡುತ್ತಾ ಇರುವುದು ಅವಳ ಕೆಲಸ. ಗಿಣಿ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ಕತ್ತಲಲ್ಲಿ ಬೆವರುತ್ತಾ ನಿಂತವರ ಜೊತೆ ಮಾತಾಡುವಾಗ ಟಕಟಕ ಎಂದು ಟೈಪ್ ಮಾಡಿದರೆ ಅವರಿಗೆ ಇನ್ನೂ ಗಾಬರಿ. "ಏನು ಬರೀತಿದೀರಾ? ನಾನು ಬದುಕಲ್ವಾ?" ಎಂದು ಒಬ್ಬರು ಕೇಳಿಯೇಬಿಟ್ಟಿದ್ದರು. ಹಾಗಾಗಿ ಅವಳು ಮೊದಲು ವಿವರ ಬರೆದುಕೊಂಡು, ಆಮೇಲೆ ಎರಡೂ ಕೈಯಲ್ಲಿ ಫೋನು ಹಿಡಿದು ಕೂರುತ್ತಿದ್ದಳು. ಅಷ್ಟರಲ್ಲಿ ಮೀನು ಹಾಜರು.

ಮೇಲ್ವಿಚಾರಕರು ಕೆಟ್ಟವರೆಂದು ಹೇಳಿದರೆ ತಪ್ಪಾದೀತು. ಅವರಿಗೆ ಗಾಜಿನ ಈಚೆಯ ಮಾತು ಕೇಳಿಸುತ್ತಿರಲಿಲ್ಲ, ಮೀನು ಕಾಣಿಸುತ್ತಿತ್ತು, ಅಷ್ಟೇ. ಗಿಣಿ ಒಂದು ಸಲ ಬಾಯಿಬಿಟ್ಟು ಹೇಳಲು ಹೋಗಿದ್ದಳು. "ಎಲ್ಲರಿಗೂ ಒಂದೇ ನಿಯಮ, ಗಮನದಲ್ಲಿರಲಿ," ಎಂದು ಕಳಿಸಿದ್ದರು. ಪ್ರತಿ ಮಾತಿನ ಬಾಲಕ್ಕೂ 'ಗಮನದಲ್ಲಿರಲಿ' ಎಂದು ಕಟ್ಟುವುದು ಅವರ ರೂಢಿ.

ಮೊದಮೊದಲು ಪಕ್ಕದವರು ಅವಳ ಮೌಸನ್ನು ಹಾದುಹೋಗುವಾಗ ಒಮ್ಮೆ ತಟ್ಟಿ ಹೋಗುತ್ತಿದ್ದರು. ಅದು ಗೊತ್ತಾದ ದಿನ ಹೊಸ ಆಜ್ಞೆ ಬಂತು: ಒಬ್ಬರ ಮೌಸನ್ನು ಇನ್ನೊಬ್ಬರು ಮುಟ್ಟಕೂಡದು, ಯಾವ ಕಾರಣಕ್ಕೂ, ಯಾರೂ. ಬಿಡಿಭಾಗಗಳ ಗುಮಾಸ್ತ ಮಾತ್ರ ತನ್ನ ಮೌಸಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ಎಡಕ್ಕೂ ಬಲಕ್ಕೂ ತಿರುಗುವ ಟೇಬಲ್ ಫ್ಯಾನಿಗೆ ಕಟ್ಟಿ, ನೆಮ್ಮದಿಯಾಗಿ ತೂಕಡಿಸುತ್ತಿದ್ದ. ಅವನ ಹೆಸರಿನ ಮುಂದೆ ಒಂದೂ ಕೆಂಪಿರಲಿಲ್ಲ.

ಗಿಣಿಯ ಕೆಲಸ ಇನ್ನೂ ತಾತ್ಕಾಲಿಕ. ತಿಂಗಳ ಕೊನೆಗೆ ಖಾಯಂ ಆಗಬೇಕು, ಇಲ್ಲವೇ ಮನೆಗೆ ಹೋಗಬೇಕು. ಎರಡೂ ಮೇಲ್ವಿಚಾರಕರ ಒಂದು ಮಾತಿನಲ್ಲಿತ್ತು.

ಅವಳು ತನ್ನ ಬುದ್ಧಿಗೆ ತೋಚಿದ್ದನ್ನು ಮಾಡಿದಳು. ದೂರುಗಳ ಹಾಳೆಯ ಒಂದು ಚಿತ್ರವನ್ನು ಹೇಗೋ ಚಿಕ್ಕದಾಗಿ ಉಳಿಸಿಕೊಂಡು ವಾಲ್‌ಪೇಪರ್ ಮಾಡಿದಳು. ಚಿತ್ರ ಹೆಂಚು ಹೊದಿಸಿದ ಹಾಗೆ ಪರದೆಯ ತುಂಬ ಸಾಲುಸಾಲಾಗಿ ಕೂತಿತು. ಇರಲಿ, ದೂರದಿಂದ ಕೆಲಸದ ಹಾಗೇ ಕಾಣುತ್ತದೆ ಎಂದುಕೊಂಡಳು. ಐದು ನಿಮಿಷಕ್ಕೆ ಸರಿಯಾಗಿ ಅದರ ಮೇಲೆ ಮೀನು ಬಂದವು.

ಆ ಸಂಜೆ ಅಕ್ಕನ ಜೊತೆ ತರಕಾರಿ ಹೆಚ್ಚುತ್ತಾ ಇದನ್ನು ಹೇಳಿದಾಗ ಭಾವ ಬಿದ್ದುಬಿದ್ದು ನಕ್ಕ. ಭಾವನದು ಕಂಪ್ಯೂಟರ್ ರಿಪೇರಿ ಅಂಗಡಿ. ಗಿಣಿಯ ಕಚೇರಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನೂ ಅವನೇ.

"ನಿಮ್ಮ ಆಫೀಸಿಗೆ ಮೀನು ಬಿಟ್ಟವನೇ ನಾನು ಕಣೇ ನಾದಿನಿ."

"ಮಹಾ ಘನಕಾರ್ಯ!" ಎಂದಳು ಅಕ್ಕ. "ಅವಳ ಕೆಲಸಕ್ಕೆ ಕಲ್ಲು ಹಾಕಿ, ಮೇಲೆ ಹಲ್ಲು ಬೇರೆ ಕಿರೀತೀರಲ್ಲ."

"ಸಾಹೇಬರು ಹಾಕಿ ಅಂದ್ರು, ಹಾಕಿದೆ. ನೋಡು ಗಿಣಿ, ವಾಲ್‌ಪೇಪರ್ ಅಂದ್ರೆ ಗೋಡೆಗೆ ಹೊಡೆದ ಬಣ್ಣ. ಮುಂದೆ ಬೀರು ಇಡು, ಕುರ್ಚಿ ಇಡು, ಅದು ಹಿಂದೆ ಇದ್ದೇ ಇರುತ್ತೆ. ಸ್ಕ್ರೀನ್‌ಸೇವರ್ ಹಾಗಲ್ಲ. ಮನೇಲಿ ಯಾರೂ ಅಲ್ಲಾಡ್ತಿಲ್ಲ ಅಂತ ಗೊತ್ತಾದ ತಕ್ಷಣ ಎಲ್ಲದರ ಮೇಲೂ ಹೊದಿಸೋ ಚಾದರ ಅದು. ಯಾರಾದ್ರೂ ಒಂದು ಸಲ ಕೆಮ್ಮಿದ್ರೆ ಸಾಕು, ಚಾದರ ಮಾಯ."

"ಭಾನುವಾರ ನೀವು ಹೊದ್ದ ಚಾದರ ಮಾತ್ರ ಯಾರು ಕೆಮ್ಮಿದ್ರೂ ಮಾಯ ಆಗಲ್ಲ," ಎಂದಳು ಅಕ್ಕ.

ಭಾವ ಅದನ್ನು ಕೇಳಿಸಿಕೊಳ್ಳಲಿಲ್ಲ. "ಐದು ನಿಮಿಷಕ್ಕೆ ಬೀಗ ಹಾಕ್ಸಿದ್ದಾರೆ. ಸೇವರ್ ಬರಲೇಬೇಕು ಅನ್ನೋದಕ್ಕೂ ಬೀಗ. ಆದ್ರೆ ಯಾವ ಚಿತ್ರ ಬರಬೇಕು ಅನ್ನೋದಕ್ಕೆ ಬೀಗ ಹಾಕ್ಸೋದು ಮರೆತಿದ್ದಾರೆ. ನಾನೂ ನೆನಪು ಮಾಡೋಕೆ ಹೋಗ್ಲಿಲ್ಲ. ಮೀನಿನ ಬದಲು ನಿನ್ನ ಹಾಳೆಯ ಚಿತ್ರಾನೇ ಚಾದರ ಮಾಡಿಬಿಟ್ರೆ?"

"ಮೋಸ ಅಲ್ವಾ ಭಾವ?"

"ನೀನು ಕೆಲಸ ಮಾಡ್ತಿರುವಾಗ್ಲೇ ಇಲ್ಲ ಅಂತ ಚಾಡಿ ಹೇಳುತ್ತಲ್ಲ ಮೀನು, ಅದು?"

ಗಿಣಿ ಸೌತೆಕಾಯಿಯನ್ನು ಬೇಕಾದ್ದಕ್ಕಿಂತ ಸಣ್ಣದಾಗಿ ಹೆಚ್ಚುತ್ತಾ ಬಹಳ ಹೊತ್ತು ಯೋಚಿಸಿದಳು. ಆಮೇಲೆ ಪೆನ್‌ಡ್ರೈವಿನಲ್ಲಿದ್ದ ಅಂದಿನ ದೂರುಗಳ ಹಾಳೆಯನ್ನು ಭಾವನಿಗೆ ಕೊಟ್ಟಳು. ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದು ಚಿತ್ರ ಹಿಡಿದುಕೊಂಡ.

ಮುಂದಿನ ಸಲ ಕಂಪ್ಯೂಟರ್‌ಗಳ ತಪಾಸಣೆಗೆ ಬಂದಾಗ ಭಾವ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ನಿಂತು, "ಏನಮ್ಮಾ, ಯಾವ ಮೆಷಿನ್ನು ತೊಂದ್ರೆ ಕೊಡ್ತಿರೋದು?" ಎಂದು ಕೇಳಿದ.

"ಇದೇ... ಸಾರ್," ಎಂದಳು ಗಿಣಿ. ಅವನು ಅವಳ ಭಾವ ಎಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವನನ್ನು ಅವಳು 'ಸಾರ್' ಎಂದದ್ದು ಇದೇ ಮೊದಲು. ಭಾವ ಅದನ್ನು ಮನೆಗೆ ಹೋಗಿ ಹೆಂಡತಿಗೆ ಹೇಳಬೇಕೆಂದು ಆಗಲೇ ನಿಶ್ಚಯಿಸಿದ್ದು ಅವನ ಕಣ್ಣಲ್ಲಿ ಕಾಣುತ್ತಿತ್ತು.

ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಭಾವನ ಲ್ಯಾಪ್‌ಟಾಪಿನ ಪರದೆ ಅಗಲ, ಗಿಣಿಯದು ಹಳೆಯದು, ಹೆಚ್ಚುಕಡಿಮೆ ಚೌಕ. ಚಿತ್ರವನ್ನು ಇದ್ದ ಹಾಗೇ ಹಾಕಿದರೆ ಮೇಲೂ ಕೆಳಗೂ ಕಪ್ಪು ಪಟ್ಟಿ ಉಳಿಯಿತು. ಪರದೆಗೆ ಹೊಂದುವಂತೆ ಎಳೆದರೆ ಅಕ್ಷರಗಳೆಲ್ಲ ಊಟ ಬಿಟ್ಟವರ ಹಾಗೆ ಸಣಕಲಾಗಿ ಉದ್ದುದ್ದ ನಿಂತವು. ಕೊನೆಗೆ ಪರದೆ ತುಂಬುವಷ್ಟು ದೊಡ್ಡದು ಮಾಡಿದ. ಈಗ ಅಕ್ಷರ ಗುಂಡಗೆ, ಸ್ಪಷ್ಟವಾಗಿ ಕಂಡವು. ಎರಡೂ ಪಕ್ಕ ಮಾತ್ರ ಅಂಚಿನಾಚೆ ಹೋಗಿತ್ತು.

"ಬಲಗಡೆ ಕೊನೇ ಕಾಲಮ್ಮೇ ಕಾಣ್ತಿಲ್ಲ ಸಾರ್."

"ಹೋಗ್ಲಿ ಬಿಡಮ್ಮಾ. ಗಾಜಿನಾಚೆ ಕೂತು ಅದನ್ನೆಲ್ಲ ಯಾರು ಓದ್ತಾರೆ?"

ಅಂದಿನಿಂದ ಗಿಣಿಯ ಮೇಜಿನ ಮೇಲೆ ಮೀನು ಸುಳಿಯಲಿಲ್ಲ. ಹಲಗೆಯ ಮೇಲೆ ಅವಳ ಸಾಲು ಸ್ವಚ್ಛವಾಯಿತು. ಮೇಲ್ವಿಚಾರಕರು ಒಂದು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ, "ತಿದ್ದಿಕೊಳ್ಳೋದು ಅಂದ್ರೆ ಹೀಗೆ, ಗಮನದಲ್ಲಿರಲಿ," ಎಂದು ಹೊಗಳಿದರು. ಗಿಣಿಯ ಕಿವಿ ಕೆಂಪಾಯಿತು. ಗುಮಾಸ್ತ ತನ್ನ ಫ್ಯಾನಿನ ಕಡೆ ನೋಡಿ ಕಣ್ಣು ಹೊಡೆದ.

ಇಷ್ಟಾದ ಮೇಲೆ ಒಂದು ಮಧ್ಯಾಹ್ನ ಗಿಣಿ ಹಿಂದಿನ ಕೋಣೆಗೆ ಊಟಕ್ಕೆ ಹೋಗಿದ್ದಾಗ ಮೇಲ್ವಿಚಾರಕರು ಅವಳ ಮೇಜಿನ ಪಕ್ಕ ಹಾದುಹೋದರು. ಹೊಗಳಿದ ಹುಡುಗಿಯ ಕೆಲಸ ಹೇಗಿದೆ ಎಂದು ಅಭಿಮಾನದಿಂದಲೇ ಬಗ್ಗಿ ನೋಡಿದರು. ಹಾಳೆಯ ಮೊದಲ ಸಾಲಿನಲ್ಲಿ ಹೀಗಿತ್ತು: ಹಿಂದಿನ ಬೀದಿಯ ಬಟ್ಟೆ ಅಂಗಡಿ ಕಟ್ಟಡ. ಮೂರು ಮತ್ತು ನಾಲ್ಕನೆಯ ಮಹಡಿಯ ನಡುವೆ. ಕರೆ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಒಳಗೆ ಅಜ್ಜಿ ಒಬ್ಬರೇ, ಉಸಿರು ಕಟ್ಟುತ್ತಿದೆ ಎನ್ನುತ್ತಾರೆ.

ಅದರ ಮುಂದಿನ ಕಾಲಮ್ಮಿನಲ್ಲಿ 'ಹೊರಗೆ ಬಂದ ಸಮಯ' ಇರಬೇಕಿತ್ತು. ಆ ಕಾಲಮ್ಮೇ ಇರಲಿಲ್ಲ. ಬಲಕ್ಕೆ ಸರಿಸಿದರೆ ಸಿಕ್ಕೀತು, ಆದರೆ ಸರಿಸಲು ಮೌಸ್ ಮುಟ್ಟಬೇಕು. ಆಜ್ಞೆ ಅವರದೇ. ಮುಂದೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದು, ಬೆನ್ನ ಹಿಂದೆ ಕಟ್ಟಿಕೊಂಡರು. ಗೋಡೆ ಗಡಿಯಾರದಲ್ಲಿ ಒಂದು ದಾಟಿತ್ತು. ಬೆಳಿಗ್ಗೆ ಹತ್ತರಿಂದ ಅಜ್ಜಿ ಒಳಗೇ ಇದ್ದಾರೆ! ಮೆಕ್ಯಾನಿಕ್‌ಗಳೆಲ್ಲ ಹೊರಗೆ ಹೋಗಿದ್ದರು. ಎದುರಿಗೆ ಗುಮಾಸ್ತ ಗೊರಕೆ ಹೊಡೆಯುತ್ತಿದ್ದ. ಗಿಣಿಯನ್ನು ಹುಡುಕಿ ಕೇಳುವಷ್ಟು ತಾಳ್ಮೆಯಿಲ್ಲದೆ ಮೇಲ್ವಿಚಾರಕರು ಒಬ್ಬರೇ ಬೀದಿಗೆ ಓಡಿದರು.

ಗಿಣಿ ಊಟ ಮುಗಿಸಿ ಬಂದು ಕೂತು ಸ್ವಲ್ಪ ಹೊತ್ತಿಗೆ ಫೋನು ರಿಂಗಾಯಿತು.

"ಲಿಫ್ಟ್... ಲಿಫ್ಟ್ ನಿಂತಿದೆ," ಎಂದಿತು ಗಂಡಸಿನ ಧ್ವನಿ, ಬೇಕೆಂದೇ ದಪ್ಪ ಮಾಡಿಕೊಂಡ ಹಾಗೆ. "ಬಟ್ಟೆ ಅಂಗಡಿ ಕಟ್ಟಡ."

"ಹೆದರ್ಬೇಡಿ, ನಾನಿದೀನಿ. ಗೋಡೆಗೆ ಒರಗಿ ಕೆಳಗೆ ಕೂತ್ಕೊಳ್ಳಿ. ತಾವು ಯಾರು ಅಂತ..."

"ನಾನೊಬ್ಬ ಗ್ರಾಹಕ. ಬೇಗ ಯಾರನ್ನಾದ್ರೂ ಕಳ್ಸಿ, ಗಮನದಲ್ಲಿರಲಿ."

ಗಿಣಿ ಒಂದು ಕ್ಷಣ ಫೋನನ್ನು ಕಿವಿಯಿಂದ ದೂರ ಹಿಡಿದು ನೋಡಿದಳು. "ಸಾರ್? ನೀವಾ?"

ಅತ್ತಲಿಂದ ನಿಟ್ಟುಸಿರು. ಆಮೇಲೆ ಧ್ವನಿ ತನ್ನ ಮಾಮೂಲಿ ತೆಳುವಿಗೆ ಬಂತು. "ಆ ಅಜ್ಜಿ ಎಲ್ಲಿದ್ದಾರಮ್ಮ? ಲಿಫ್ಟ್ ಕೆಳಗೇ ಇತ್ತು, ಖಾಲಿ. ಮೇಲೆ ಎಲ್ಲಾದ್ರೂ ಬಿದ್ದಿದ್ದಾರೇನೋ ಅಂತ ನಾನೇ ಹತ್ತಿದೆ."

"ಯಾವ ಅಜ್ಜಿ ಸಾರ್?"

"ನಿಮ್ಮ ಪರದೆ ಮೇಲಿದ್ರಲ್ಲ! ಬೆಳಿಗ್ಗೆ ಹತ್ತರಿಂದ!"

ಗಿಣಿಗೆ ಎಲ್ಲ ಅರ್ಥವಾಯಿತು. ಈಗ ಒಂದು ಸಣ್ಣ ಸುಳ್ಳು ಸಾಕಿತ್ತು, ಅಜ್ಜಿಯನ್ನು ಮೆಟ್ಟಿಲಲ್ಲಿ ಇಳಿಸಿ ಕಳಿಸಿದೆವು ಎಂದರೆ ಮುಗಿಯುತ್ತಿತ್ತು. ತಿಂಗಳ ಕೊನೆ ಹತ್ತಿರವಿತ್ತು. ಆದರೆ ಕತ್ತಲಲ್ಲಿ ಕೂತವರಿಗೆ ಅವಳು ಇದುವರೆಗೆ ಸುಳ್ಳು ಹೇಳಿರಲಿಲ್ಲ. ಮೆಕ್ಯಾನಿಕ್ ಇನ್ನೂ ಹೊರಡದಿರುವಾಗ 'ಹೊರಟರು' ಎಂದು ಕೂಡ ಹೇಳಿದವಳಲ್ಲ.

"ಆ ಅಜ್ಜಿ ಹೋದ ವಾರಾನೇ ಹೊರಗೆ ಬಂದ್ರು ಸಾರ್. ನೀವು ನೋಡಿದ್ದು ಹಾಳೆ ಅಲ್ಲ, ಹಾಳೆಯ ಚಿತ್ರ. ಮೀನು ಕಾಣಬಾರ್ದು ಅಂತ ನಾನೇ ಹಾಕಿಸ್ಕೊಂಡೆ."

ಅತ್ತ ಧೊಪ್ಪೆಂದು ನೆಲಕ್ಕೆ ಕೂತ ಸದ್ದು.

"ಅಂದ್ರೆ ನಾನೀಗ ಇಲ್ಲಿ ನೇತಾಡ್ತಿರೋದು..."

"ನನ್ನಿಂದಾನೇ ಸಾರ್. ಒಂದ್ನಿಮಿಷ, ಮೆಕ್ಯಾನಿಕ್‌ಗೆ ಹೇಳ್ತೀನಿ." ಹೇಳಿ ಮತ್ತೆ ಬಂದಳು. "ಹೊರಟಿದ್ದಾರೆ. ಬೈಯೋದಿದ್ರೆ ಈಗ್ಲೇ ಬೈದುಬಿಡಿ ಸಾರ್, ಕೇಳಿಸ್ಕೋತೀನಿ."

"ಫೋನ್ ಮಾತ್ರ ಇಡ್ಬೇಡಮ್ಮ."

"ಇಡಲ್ಲ. ಆದ್ರೆ ಐದು ನಿಮಿಷ ಆಗ್ತಾ ಬಂತು. ಇಲ್ಲಿ ಮತ್ತೆ ಅಜ್ಜಿ ಬಂದುಬಿಡ್ತಾರೆ."

"ಬರಲಿ! ಅಜ್ಜಿ ಬರಲಿ, ಮೀನು ಬರಲಿ, ತಿಮಿಂಗಿಲ ಬರಲಿ! ಏನಾದ್ರೂ ಮಾತಾಡಿ. ಆ ಅಜ್ಜಿ ಹತ್ರ ಏನು ಮಾತಾಡಿದ್ರಿ?"

"ಅವರು ಅಳಿಯನ್ನ ಬೈದ್ರು ಸಾರ್. ನಾನು ಹೂಂಗುಟ್ಟಿದೆ. ಉಸಿರು ಸರಿಹೋಯ್ತು."

"ನನಗೆ ಅಳಿಯ ಇಲ್ವಲ್ಲ."

"ಬೇರೆ ಯಾರಾದ್ರೂ ಇದ್ದೇ ಇರ್ತಾರೆ ಸಾರ್. ನೆನಪು ಮಾಡ್ಕೊಳ್ಳಿ."

ಮೇಲ್ವಿಚಾರಕರು ಸ್ವಲ್ಪ ಕೆಮ್ಮಿದರು. ಆಮೇಲೆ ಮುಖ್ಯ ಕಚೇರಿಯ ದೊಡ್ಡ ಸಾಹೇಬರಿಂದ ಶುರುಮಾಡಿದರು. ಅಲ್ಲಿ ಕೂತೇ ಇವರ ಪರದೆಯ ಮೇಲೆ ಎಷ್ಟು ಹೊತ್ತು ಮೀನು ಈಜಿತು ಎಂದು ನೋಡುತ್ತಾರಂತೆ. ಇವರು ಯಾರ ಮೇಜಿಗಾದರೂ ಹೋಗಿ ಕೆಲಸ ವಿಚಾರಿಸಿದರೆ ಅಷ್ಟು ಹೊತ್ತೂ ಸೋಮಾರಿತನ ಎಂದೇ ಲೆಕ್ಕವಂತೆ. "ದಿನವಿಡೀ ಗಾಜಿನ ಕೋಣೇಲಿ ಕೂತು ಏನು ಮಾಡ್ತೀನಿ ಅಂದ್ಕೊಂಡಿದೀರಾ? ಎಡಗೈಲಿ ಟೀ, ಬಲಗೈಲಿ ಮೌಸ್ ಅಲ್ಲಾಡಿಸ್ತಾ ಕೂತಿರ್ತೀನಮ್ಮ, ತೊಟ್ಟಿಲು ತೂಗೋ ಹಾಗೆ!"

"ಹೂಂ," ಎಂದಳು ಗಿಣಿ.

"ಮಣಿಕಟ್ಟು ನೋಯುತ್ತೆ."

"ಹೂಂ ಸಾರ್."

ದೊಡ್ಡ ಸಾಹೇಬರಾದ ಮೇಲೆ ಮೇಲ್ವಿಚಾರಕರ ಸ್ವಂತ ತಮ್ಮ, ತಮ್ಮನಾದ ಮೇಲೆ ಮೇಲಿನ ಮನೆಯವರು ಬಂದರು. ಉಸಿರು ನಿಧಾನವಾಗುತ್ತಾ ಬಂತು. ಗಿಣಿಯ ಪರದೆಯ ಮೇಲೆ ಅಜ್ಜಿ ಬಂದು ಕೂತು ಆಗಲೇ ಬಹಳ ಹೊತ್ತಾಗಿತ್ತು.

"ಕೇಳಮ್ಮ," ಎಂದರು ಮೇಲ್ವಿಚಾರಕರು ಕೊನೆಗೆ, "ನಿಮ್ಮ ಕೆಲಸ ಖಾಯಂ ಅಂತ ಇಲ್ಲಿಂದ್ಲೇ ಹೇಳ್ತಿದೀನಿ."

ಗಿಣಿ ಕಣ್ಣು ಮುಚ್ಚಿಕೊಂಡಳು. ಹೂಂ ಎನ್ನಲು ಬಾಯಿ ತೆರೆದಿತ್ತು. "ಬೇಡ ಸಾರ್. ಒಳಗಿರುವಾಗ ಹೇಳ್ಬೇಡಿ. ಒಳಗಿರುವಾಗ ಎಲ್ಲರೂ ಏನೇನೋ ಹೇಳ್ತಾರೆ. ಒಬ್ಬರು ನನಗೆ ಸೈಟೇ ಬರ್ಕೊಡ್ತೀನಿ ಅಂದಿದ್ರು. ಹೊರಗೆ ಬಂದ್ಮೇಲೆ ಅನ್ಸಿದ್ರೆ ಹೇಳಿ."

ಅಷ್ಟರಲ್ಲಿ ಬಾಗಿಲು ಕಿರ್ರೆಂದ ಸದ್ದು, ಮೆಕ್ಯಾನಿಕ್‌ನ ಧ್ವನಿ, ಫೋನು ಕಟ್.

ಆಮೇಲಿನ ಅರ್ಧ ಗಂಟೆ ಗಿಣಿ ಮೇಜಿನ ಖಾನೆಯಿಂದ ತನ್ನ ಬಾಚಣಿಗೆ, ಮಾತ್ರೆ, ಡಬ್ಬಿ ಎಲ್ಲ ತೆಗೆದು ಚೀಲಕ್ಕೆ ಹಾಕಿದಳು. ಹೇಳಬಾರದಿತ್ತೇನೋ, ಹೂಂ ಅಂದುಬಿಡಬಹುದಿತ್ತೇನೋ ಎಂದು ಡಬ್ಬಿಯನ್ನು ಎರಡು ಸಲ ಹೊರಗೆ ತೆಗೆದಳು, ಎರಡು ಸಲ ಒಳಗೆ ಹಾಕಿದಳು.

ಮೇಲ್ವಿಚಾರಕರು ಬಂದರು. ಅಂಗಿಯ ಬೆನ್ನಿಗೆ ಗ್ರೀಸ್ ಮೆತ್ತಿತ್ತು. ಕಚೇರಿಯಲ್ಲಿ ಗುಮಾಸ್ತನ ಫ್ಯಾನ್ ಬಿಟ್ಟು ಬೇರೇನೂ ಅಲುಗಲಿಲ್ಲ. ಅವರು ನೇರವಾಗಿ ಗಿಣಿಯ ಮೇಜಿನ ಮುಂದೆ ಬಂದು ನಿಂತು, ಚೀಲವನ್ನು ನೋಡಿದರು, ಅವಳನ್ನು ನೋಡಿದರು.

"ಹೊರಗೆ ಬಂದೆ," ಎಂದರು.

"ಹೌದು ಸಾರ್."

"ಈಗ ಹೇಳ್ತಿದೀನಿ. ಖಾಯಂ. ನಿಮ್ಮ ಮೇಜಿನ ಮೇಲೆ ಮೀನು ಬಂದ್ರೆ ಕೆಂಪು ಗುರುತಿಲ್ಲ." ಗುಮಾಸ್ತ ಆಸೆಯಿಂದ ಕತ್ತೆತ್ತಿದ. "ನಿಮಗಲ್ಲ!" ಎಂದು ಅವನಿಗೆ ಹೇಳಿ, ಮತ್ತೆ ಗಿಣಿಯ ಕಡೆ ತಿರುಗಿ ದನಿ ತಗ್ಗಿಸಿದರು. "ಆ ಚಿತ್ರ ಹಾಕಿದ್ದು ಯಾರು?"

"ಭಾ... ರಿಪೇರಿಯವರು ಸಾರ್."

"ಇಲ್ಲಿಂದ ತೆಗೆಸಿ. ತೆಗೆದ್ಮೇಲೆ ಅವರನ್ನ ಸ್ವಲ್ಪ ನನ್ನ ಕೋಣೆಗೆ ಕಳ್ಸಿ."

ಗಿಣಿ ಚೀಲ ಬಿಟ್ಟು ಎದ್ದು ನಿಂತಳು. "ಅವರದೇನೂ ತಪ್ಪಿಲ್ಲ ಸಾರ್, ನಾನೇ..."

"ತಪ್ಪು ಅಂತ ಯಾರು ಹೇಳಿದ್ರು?" ಮೇಲ್ವಿಚಾರಕರು ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ತಿಕ್ಕಿಕೊಂಡರು. "ದೊಡ್ಡ ಸಾಹೇಬರ ಲೆಕ್ಕ ತಪ್ಪಿಸೋಕೂ ಅವರ ಹತ್ರ ಏನಾದ್ರೂ ಇದ್ಯಾ ಅಂತ ಕೇಳಬೇಕು. ಕಾಲಮ್ಮುಗಳೆಲ್ಲ ಪೂರ್ತಿ ಕಾಣೋ ಹಾಗಿರ್ಬೇಕು, ಗಮನದಲ್ಲಿರಲಿ."